ಓರಗಿತ್ತಿಯ ಜೊತೆ ದ್ವೀಪ ಸುತ್ತಿದ್ದು

ಹೇಳಿ ನೋಡೋಣ, ಅಲ್ಲಿನ ಹುಡುಗಿಯರು ಬೆಳಗಿನ ತಿಂಡಿಗೆ ಮೊದಲೇ ಒಂದು ಸುತ್ತು ನಡೆದು ಬರುವ ಪುಟ್ಟ ದ್ವೀಪವನ್ನು ಸುತ್ತಲು ಇಬ್ಬರು ಜೈನ ಮುದುಕಿಯರಿಗೆ ಎಷ್ಟು ಹೊತ್ತು ಬೇಕು? ಮಧ್ಯಾಹ್ನದವರೆಗೆ ಅಂದಿರಾ? ಸೋತಿರಿ. ಬೆಳಿಗ್ಗೆ ಹೊರಟವರು ಸಂಜೆಯ ಊಟಕ್ಕೆ ಸರಿಯಾಗಿ ಬಂದು ಮುಟ್ಟಿದೆವು. ಮಂಡಿ ನೋವಿರಬೇಕು ಅಂದುಕೊಳ್ಳಬೇಡಿ, ನನ್ನ ಮಂಡಿ ನಿಮ್ಮದಕ್ಕಿಂತ ಗಟ್ಟಿ. ಅಡ್ಡ ಬಂದದ್ದು ಏಡಿಗಳು. ಯಾರೋ ಬಿಟ್ಟುಹೋದ ಶಂಖದ ಚಿಪ್ಪನ್ನು ಬೆನ್ನ ಮೇಲೆ ಹೊತ್ತು ತಿರುಗುವ ಉಗುರಿನಷ್ಟು ಏಡಿಗಳು ಆ ದಂಡೆಯ ತುಂಬ ಹರಿದಾಡುತ್ತವೆ. ಜೀವ ಇದ್ದದ್ದರ ಮೇಲೆ ಕಾಲಿಡುವಂತಿಲ್ಲ. ನನ್ನ ಓರಗಿತ್ತಿ ತೆಂಗಿನ ಗರಿಯ ಕಡ್ಡಿಗಳನ್ನು ಕಟ್ಟಿ ಒಂದು ಮೆತ್ತನೆಯ ಪೊರಕೆ ಮಾಡಿಕೊಂಡು ಮುಂದೆ ಮುಂದೆ ಗುಡಿಸುತ್ತ ಹೋದಳು, ಅವಳು ಗುಡಿಸಿದ ಜಾಗದಲ್ಲಿ ನಾನು ಹಿಂದಿನಿಂದ ಕಾಲಿಟ್ಟೆ. ಸಮುದ್ರದ ದಂಡೆಯನ್ನು ಪೂರ್ತಿ ಗುಡಿಸಿದ ಹೆಂಗಸು ಲೋಕದಲ್ಲಿ ಇನ್ನೊಬ್ಬಳಿರಲಾರಳು.

ಇದನ್ನೆಲ್ಲ ಬರೆದಿಡು ಎಂದು ಹೇಳಿ ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿದ್ದು ನನ್ನ ಮಗಳ ಮಗಳು. ಒಂದೇ ಬೆರಳಿನಲ್ಲಿ ಒತ್ತುತ್ತಿದ್ದೇನೆ. ನಾನು ಒಂದು ಪದ ಶುರು ಮಾಡುವಷ್ಟರಲ್ಲಿ ಈ ಫೋನು ಮೂರು ಪದ ಮುಂದಿಡುತ್ತದೆ, ಮನೆಗೆ ಬಂದ ಹೊಸ ಸೊಸೆಯ ಹಾಗೆ ಅವಸರ ಅದಕ್ಕೆ.

ನಾನು ಗುಂಡ್ಲುಪೇಟೆ ಕಡೆಯಿಂದ ಮದುವೆಯಾಗಿ ವಯನಾಡಿಗೆ ಬಂದವಳು. ಕಲ್ಲೂರಿನಿಂದ ಒಳಗೆ ಹೋದರೆ ನಮ್ಮ ಮನೆ, ಮನೆಯ ಸುತ್ತ ಕಾಫಿ, ಕಾಫಿ ಮುಗಿದಲ್ಲಿ ಕಾಡು. ನಾನು ಅಣ್ಣನ ಹೆಂಡತಿ, ಅವಳು ತಮ್ಮನ ಹೆಂಡತಿ. ಅವಳು ವಯನಾಡಿನಲ್ಲೇ ಹುಟ್ಟಿದವಳು, ಅರ್ಧ ಮಾತು ಮಲಯಾಳ. ನಾನು ಶಾಲೆಯ ಕನ್ನಡದ ಜಂಬದವಳು. ಅಣ್ಣತಮ್ಮಂದಿರಿಬ್ಬರೂ ಒಬ್ಬರ ಹಿಂದೆ ಒಬ್ಬರು ಹೋಗಿಬಿಟ್ಟರು. ನಾವು ಮಾತ್ರ ಒಂದೇ ಒಲೆಯ ಎರಡು ಬದಿಯಲ್ಲಿ ಕುಳಿತು ಜಗಳವಾಡುತ್ತ ಉಳಿದೆವು. ಉಪ್ಪಿಗೆ ಜಗಳ, ಮೊಸರಿಗೆ ಜಗಳ, ಕಾಳುಮೆಣಸನ್ನು ಯಾವ ಬಿಸಿಲಿಗೆ ಹರವಬೇಕು ಎಂಬುದಕ್ಕೆ ಜಗಳ. ನಾನು ಒಂದು ಅಂದರೆ ಅವಳು ಎರಡು ಅನ್ನುತ್ತಿದ್ದಳು. ನಮ್ಮ ಜಗಳ ಕೇಳಲೆಂದೇ ಪಕ್ಕದ ಮನೆಯವಳು ಸಕ್ಕರೆ ಸಾಲ ಕೇಳುವ ನೆಪದಲ್ಲಿ ಬರುತ್ತಿದ್ದಳು.

ಓರಗಿತ್ತಿಗೆ ಒಬ್ಬನೇ ಮಗ. ನಲವತ್ತು ದಾಟಿದರೂ ಮದುವೆ ಬೇಡ ಅಂದವನು. ನಾವಿಬ್ಬರೂ ತಂದ ಹೆಣ್ಣುಗಳಿಗೆಲ್ಲ ಒಂದೊಂದು ತಪ್ಪು ಹುಡುಕಿ, ಕೊನೆಗೆ, ಈ ಮನೆಯಲ್ಲಿ ಜಗಳಕ್ಕೆ ಇಬ್ಬರೇ ಸಾಕು, ಮೂರನೆಯವಳನ್ನು ತಂದರೆ ನಾನು ಕಾಡಿಗೆ ಹೋಗುತ್ತೇನೆ ಎನ್ನುತ್ತಿದ್ದ. ಒಂದು ಮಂಜಿನ ಬೆಳಿಗ್ಗೆ ಹಾಲಿನ ಕ್ಯಾನು ಹಿಡಿದು ಸೊಸೈಟಿಗೆ ಹೊರಟವನು ಕಾಫಿ ತೋಟದ ತಿರುವಿನಲ್ಲಿ ಆನೆಗೆ ಎದುರಾದ. ನಮಗೆ ಕ್ಯಾನು ಉರುಳಿದ ಸದ್ದು ಕೇಳಿಸಿತು. ಕೈ ಜಾರಿ ಚೆಲ್ಲಿಬಿಟ್ಟನಲ್ಲ ಅಂತ ಓರಗಿತ್ತಿ ಒಲೆಯ ಮುಂದಿನಿಂದಲೇ ಅವನನ್ನು ಬೈದಳು. ಆ ಬೈಗುಳವೇ ಅವಳು ಅವನಿಗೆ ಹೇಳಿದ ಕೊನೆಯ ಮಾತಾಯಿತು, ಅದೂ ಅವನ ಕಿವಿಗೆ ಬಿದ್ದಿರಲಾರದು.

ಆಮೇಲೆ ಜನ ರಸ್ತೆ ತಡೆದರು. ಮೈಕು ಹಿಡಿದವರು ಬಂದರು, ಕ್ಯಾಮೆರಾದವರು ಬಂದರು. ನಾನು ಎಲ್ಲರಿಗೂ ಕಾಫಿ ಕೊಟ್ಟೆ. ಕ್ಯಾಮೆರಾ ಹಿಡಿದ ಒಬ್ಬನನ್ನು ಮದುವೆಯಾಗಿದೆಯೇ ಅಂತಲೂ ಕೇಳಿದೆ ಎಂದು ಆಮೇಲೆ ಯಾರೋ ಹೇಳಿದರು, ನನಗೆ ನೆನಪಿಲ್ಲ. ಓರಗಿತ್ತಿ ಮಾತ್ರ ಗೋಡೆಗೆ ಒರಗಿ ಕುಳಿತಿದ್ದಳು. ಒಂದು ಮಾತಿಲ್ಲ, ಒಂದು ಅಳುವಿಲ್ಲ.

ಅಂದಿನಿಂದ ಅವಳು ಜಗಳ ಬಿಟ್ಟಳು. ಏನು ಹೇಳಿದರೂ 'ಆಯ್ತು.' ಸಾರಿಗೆ ಬೇಕೆಂದೇ ಎರಡು ಪಾಲು ಉಪ್ಪು ಹಾಕಿ ಬಡಿಸಿದೆ, ಉಂಡು ಎದ್ದು ಎಲೆ ತೆಗೆದಳು. ಮೆಣಸನ್ನು ನೆರಳಿನಲ್ಲಿ ಹರವಿದೆ, ನೋಡಿಕೊಂಡೇ ಹೋದಳು. ಅವಳ ಮೊಸರಿನ ಪಾತ್ರೆಯನ್ನು ಕದ್ದು ಅಟ್ಟದ ಮೇಲೆ ಅಡಗಿಸಿಟ್ಟೆ. ಹುಡುಕಲೂ ಇಲ್ಲ. ಬೇರೆ ಪಾತ್ರೆಯಲ್ಲಿ ಹೆಪ್ಪು ಹಾಕಿದಳು. ಆ ದಿನ ನನಗೆ ನಿಜವಾಗಿ ಹೆದರಿಕೆ ಹುಟ್ಟಿತು.

ನಮ್ಮಲ್ಲಿ ದೇಶವ್ರತ ಎಂದೊಂದಿದೆ. ಇಷ್ಟು ಕಾಲದವರೆಗೆ ಇಷ್ಟು ಜಾಗ ಬಿಟ್ಟು ಆಚೆ ಹೋಗುವುದಿಲ್ಲ ಎಂದು ಸಂಕಲ್ಪ ಮಾಡುವುದು. ಮನಸ್ಸು ಅಲೆಯದಿರಲಿ ಎಂದು ಹಿರಿಯರು ಮಾಡಿದ್ದು. ಅವಳು ಬರುವ ದೀಪಾವಳಿಯವರೆಗೆ ಎಂದು ಹಿಡಿದಳು. ಒಂದು ಕಡೆ ದನದ ಕೊಟ್ಟಿಗೆ, ಒಂದು ಕಡೆ ಬಾವಿ, ಒಂದು ಕಡೆ ಕಾಫಿ ಒಣಗಿಸುವ ಕಣ, ಮುಂದೆ ಗೇಟು. ಅದರಾಚೆ ಹೆಜ್ಜೆ ಇಡಲಿಲ್ಲ. ಮದುವೆಗಿಲ್ಲ, ಸಾವಿಗಿಲ್ಲ. ದೀಪಾವಳಿ ಹತ್ತಿರ ಬಂದಾಗ ಇನ್ನು ಮುಗಿಯಿತು ಅಂತ ನಾನು ಒಳಗೊಳಗೆ ಹಿಗ್ಗಿದೆ. ಆಗ ಅವಳು ಹೇಳಿದಳು, ಕಾರ್ತಿಕ ಹುಣ್ಣಿಮೆಯ ದಿನ ಇದೇ ಎಲ್ಲೆಯನ್ನು ದಿಗ್ವ್ರತವಾಗಿ ಹಿಡಿಯುತ್ತೇನೆ ಎಂದು. ದಿಗ್ವ್ರತ ಎಂದರೆ ಜೀವ ಇರುವವರೆಗೆ. ಬೇರೆಯವರು ದಿಗ್ವ್ರತ ಹಿಡಿಯುವಾಗ ಇಂಥ ನದಿಯವರೆಗೆ, ಇಂಥ ಬೆಟ್ಟದವರೆಗೆ ಅನ್ನುತ್ತಾರೆ. ಇವಳದು ಕೊಟ್ಟಿಗೆಯಿಂದ ಬಾವಿಯವರೆಗೆ. ಹುಟ್ಟಿದೂರು ಇನ್ನಿಲ್ಲ, ಬಸದಿಯೂ ಇನ್ನಿಲ್ಲ, ಬತ್ತೇರಿಯ ಪೇಟೆಯೂ ಇನ್ನಿಲ್ಲ. ನಾನು ನನ್ನ ಮುಂದೆಯೇ ಒಬ್ಬಳನ್ನು ಗೋಡೆ ಕಟ್ಟಿ ಮುಚ್ಚುವುದನ್ನು ನೋಡಬೇಕಿತ್ತು.

ದೀಪಾವಳಿಗೂ ಹುಣ್ಣಿಮೆಗೂ ನಡುವೆ ಇದ್ದ ಆ ಸಣ್ಣ ಕಂಡಿಯಲ್ಲಿ ಅವಳನ್ನು ಹೊರಗೆಳೆಯಬೇಕಿತ್ತು. ಎಲ್ಲಿಗೆ? ನಮ್ಮ ಸುತ್ತ ಎಲ್ಲಿ ಹೋದರೂ ಆನೆಯ ಲದ್ದಿ, ಆನೆಯ ಸುದ್ದಿ, ಆನೆಯ ಚಿತ್ರದ ಬೋರ್ಡು. ಮೊಮ್ಮಗಳು ಅರಬ್ಬಿ ಕಡಲಿನ ನಡುವೆ ಒಂದು ಪುಟ್ಟ ದ್ವೀಪದ ಆಸ್ಪತ್ರೆಯಲ್ಲಿ ನರ್ಸ್. ಕೊಚ್ಚಿಯಿಂದ ಹಡಗು ಹತ್ತಬೇಕು. ಅಲ್ಲಿ ಆನೆ ಇಲ್ಲ, ಕಾಡಿಲ್ಲ, ನಾಯಿ ಕೂಡ ಇಲ್ಲವಂತೆ. ದಂಡೆಯಲ್ಲಿ ನಡೆಯಬಹುದು, ಅದೃಷ್ಟವಿದ್ದರೆ ದೋಣಿಯಲ್ಲಿ ಹೋಗಿ ತಿಮಿಂಗಿಲ ನೋಡಬಹುದು ಅಂತ ಅವಳು ಎಷ್ಟೋ ಸಲ ಕರೆದಿದ್ದಳು. ಮಗು ಅಲ್ಲಿ ಸರಿಯಾಗಿ ಉಣ್ಣದೆ ಸೊರಗಿದೆ, ಒಂದು ವಾರ ಅಡಿಗೆ ಮಾಡಿ ಹಾಕಿ ಬರೋಣ ಅಂದೆ ಓರಗಿತ್ತಿಗೆ. ಶುದ್ಧ ಸುಳ್ಳು. ಮಗು ಉಂಡುಂಡು ದುಂಡಗಾಗಿತ್ತು. ಓರಗಿತ್ತಿ ಆಯ್ತು ಅಂದಳು. ಆ ಒಂದು ಮಾತಿನಿಂದ ನನಗೆ ಲಾಭವಾದದ್ದು ಅದೊಂದೇ ಸಲ.

ಹಡಗಿನಲ್ಲಿ ನಾನು ಹೊಟ್ಟೆಯಲ್ಲಿದ್ದುದನ್ನೆಲ್ಲ ಕಡಲಿಗೆ ಒಪ್ಪಿಸಿದೆ. ಅವಳು ನನ್ನ ಬೆನ್ನು ತಿಕ್ಕುತ್ತ, ಸೋಸಿ ತಂದ ನೀರನ್ನು ಗುಟುಕು ಗುಟುಕಾಗಿ ಕುಡಿಸುತ್ತ ಕುಳಿತಿದ್ದಳು. ಹಿಂದಿನ ಕಾಲವಾಗಿದ್ದರೆ, ಬೇಡ ಅಂದರೂ ಎರಡನೆಯ ಸಲ ಅವಲಕ್ಕಿ ಬಡಿಸಿಕೊಂಡೆಯಲ್ಲ, ಅನುಭವಿಸು ಎನ್ನುತ್ತಿದ್ದಳು. ಈಗ ಏನೂ ಅನ್ನಲಿಲ್ಲ. ಆ ಸುಮ್ಮನಿರುವಿಕೆಗಿಂತ ವಾಂತಿಯೇ ಹಿತವಾಗಿತ್ತು.

ದ್ವೀಪದಲ್ಲಿ ಮೊದಲ ಸಂಜೆ ನಾವಿಬ್ಬರೂ ನಗೆಗೀಡಾದೆವು. ನಮ್ಮಲ್ಲಿ ಹೊತ್ತು ಇಳಿಯುವಾಗ ಊಟ ಮುಗಿಸಿ ಕದ ಹಾಕುವುದು ರೂಢಿ. ಊಟ ಧರ್ಮಕ್ಕೆ, ಕದ ಆನೆಗೆ. ಅಲ್ಲಿಯ ಜನ ಅದೇ ಹೊತ್ತಿಗೆ ಮಕ್ಕಳನ್ನು ಎತ್ತಿಕೊಂಡು ದಂಡೆಗೆ ಹೊರಡುತ್ತಾರೆ. ಹೊತ್ತು ಮುಳುಗುವುದೂ ಅಲ್ಲಿ ಬೇರೆ ಥರ. ನಮ್ಮ ಮನೆಯಲ್ಲಿ ಸೂರ್ಯ ಬೆಟ್ಟದ ಹಿಂದೆ ಹಾರಿಕೊಂಡುಬಿಡುತ್ತಾನೆ, ಕೈಯಲ್ಲಿದ್ದ ತುತ್ತು ಕೈಯಲ್ಲೇ. ಅಲ್ಲಿ ನೀರಿನ ಅಂಚಿನಲ್ಲಿ ಕುಳಿತು ಹೋಗಲೋ ಬೇಡವೋ ಎಂದು ಸತಾಯಿಸುತ್ತಾನೆ. ನಾನು ಅವನನ್ನು ನೋಡಿಕೊಂಡೇ ಇನ್ನೆರಡು ದೋಸೆ ತಿಂದೆ. ಆದರೆ ಕತ್ತಲಾದ ಮೇಲೆ ಮೊಮ್ಮಗಳು ಹೊರಗೆ ಬನ್ನಿ ಎಂದು ಕರೆದಾಗ ಇಬ್ಬರ ಕಾಲೂ ಹೊಸ್ತಿಲು ದಾಟಲಿಲ್ಲ. ಓರಗಿತ್ತಿ ಟಾರ್ಚನ್ನು ಎದೆಗೊತ್ತಿಕೊಂಡು ನಿಂತಿದ್ದಳು. ಕತ್ತಲಲ್ಲಿ ಯಾವುದೋ ಮಗು ನಗುತ್ತ ಓಡಿಹೋಯಿತು, ಹಿಂದೆ ಅದರ ತಾಯಿ ಕೈಯಲ್ಲಿ ದೀಪವೂ ಇಲ್ಲದೆ ನಿಧಾನವಾಗಿ ನಡೆದು ಹೋದಳು. ಓರಗಿತ್ತಿ ಆ ತಾಯಿ ಹೋದ ದಿಕ್ಕನ್ನು ಬಹಳ ಹೊತ್ತು ನೋಡಿದಳು.

ದಂಡೆ ಸುತ್ತಿದ್ದು ಮರುದಿನ. ಒಂದು ಮಗ್ಗುಲಿನಲ್ಲಿ ನೀರು ಹಸಿರಾಗಿ, ತಟ್ಟೆಯಲ್ಲಿಟ್ಟ ಹಾಗೆ ಅಲುಗದೆ ಇರುತ್ತದೆ. ಇನ್ನೊಂದು ಮಗ್ಗುಲಿನಲ್ಲಿ ಹವಳದ ಕಲ್ಲುಗಳ ರಾಶಿ, ಮೂಳೆಯ ಹಾಗೆ ಬಿಳಿ, ತುಳಿದರೆ ಗಾಜಿನಂತೆ ಕಿಣಿಕಿಣಿ. ಕಲ್ಲುಗಳ ನಡುವೆ ಪೊರಕೆ ಆಡಿಸಲಾಗದೆ ಓರಗಿತ್ತಿ ಏಡಿಗಳನ್ನು ಒಂದೊಂದಾಗಿ ಬೊಗಸೆಯಲ್ಲಿ ಎತ್ತಿ ಬದಿಗಿಟ್ಟಳು. ಮೀನು ಒಣಗಿಸುವ ಚಪ್ಪರದ ಹತ್ತಿರ ಮೂಗು ಮುಚ್ಚಿಕೊಂಡು ಓಡಿದೆವು, ಆಗಲೂ ನೆಲ ನೋಡಿಕೊಂಡೇ. ನಾನು ದಾರಿಯುದ್ದಕ್ಕೂ ತಮಾಷೆ ಮಾಡಿದೆ. ಈ ಏಡಿಗಳೆಲ್ಲ ಬಾಡಿಗೆ ಮನೆಯವು, ನಮ್ಮದು ಸ್ವಂತ ಮನೆ, ನಾವ್ಯಾಕೆ ದಾರಿ ಬಿಡಬೇಕು ಅಂದೆ. ಅವಳು ಆಯ್ತು ಎನ್ನುತ್ತ ಇನ್ನೊಂದನ್ನು ಎತ್ತಿಟ್ಟಳು.

ದ್ವೀಪದ ತುದಿಯಲ್ಲಿ ಕುಳಿತು ಎಳನೀರು ಕುಡಿಯುವಾಗ ಸುತ್ತ ನೀರು ಬಿಟ್ಟರೆ ಏನೂ ಇರಲಿಲ್ಲ. ಇಷ್ಟು ದೊಡ್ಡ ಬಯಲು ನೋಡಿದ ಮೇಲಾದರೂ ಅವಳ ಮನಸ್ಸು ಬದಲಾಗಬಹುದು ಎಂದು ನಾನು ಅವಳ ಮುಖವನ್ನೇ ಕಾಯುತ್ತಿದ್ದೆ. ಅವಳು ನೀರಿನ ಕಡೆ ನೋಡಿ, ಇದೂ ಒಳ್ಳೆಯ ಎಲ್ಲೆಯೇ, ದಾಟಬೇಕು ಎಂದರೂ ದಾಟುವ ಹಾಗಿಲ್ಲ ಎಂದಳು. ಅವಳನ್ನು ಬಯಲಿಗೆ ಕರೆತಂದೆ ಎಂದುಕೊಂಡಿದ್ದವಳು ನಾನು, ಅವಳು ತನ್ನ ಗೇಟನ್ನೂ ಜೊತೆಗೆ ತಂದಿದ್ದಳು.

ಹಿಂದಿರುಗುವ ಹಡಗಿಗೆ ಇನ್ನೆರಡು ದಿನವಿದೆ ಎನ್ನುವಾಗ ಮೊಮ್ಮಗಳು ದೋಣಿ ಗೊತ್ತುಮಾಡಿದಳು. ದೋಣಿಯವನು ಮೀನು ಹಿಡಿಯುತ್ತಲೇ ಮುದುಕನಾದ ದ್ವೀಪದವನು. ಅವನ ಮಲಯಾಳ ನಮ್ಮ ಮಲಯಾಳದ ದೂರದ ನೆಂಟನ ಹಾಗೆ, ಅರ್ಧ ತಿಳಿಯುತ್ತದೆ. ರಜೆಗೆ ಬಂದ ನಾಲ್ಕಾರು ಮಂದಿ ದೊಡ್ಡ ದೊಡ್ಡ ಕ್ಯಾಮೆರಾಗಳ ಜೊತೆ ನಮ್ಮೊಂದಿಗಿದ್ದರು. ಹವಳದ ಗೋಡೆ ದಾಟಿದ ಕೂಡಲೇ ಹಸಿರು ನೀರು ಮುಗಿದು ಕಪ್ಪು ನೀರು ಬಂತು. ಬಹಳ ಹೊತ್ತು ಏನೂ ಕಾಣಲಿಲ್ಲ. ಕ್ಯಾಮೆರಾದವರು ಬಿಸ್ಕತ್ತು ತಿನ್ನತೊಡಗಿದರು, ನಾನು ಅವರ ಬಿಸ್ಕತ್ತಿನಲ್ಲಿ ಮೊಟ್ಟೆ ಇದೆಯೇ ಎಂದು ವಿಚಾರಿಸುತ್ತಿದ್ದೆ. ಆಗ ದೋಣಿಯವನು ಕೈ ಎತ್ತಿ ಇಂಜಿನ್ ಆರಿಸಿದ.

ಮೊದಲು ಬಂದದ್ದು ಉಸಿರು. ಒಂದು ದೊಡ್ಡ, ಒದ್ದೆಯಾದ, ನಿಧಾನದ ಉಸಿರು. ಆಮೇಲೆ ನೀರಿನೊಳಗಿನಿಂದ ಬೂದುಗಪ್ಪು ಬೆನ್ನೊಂದು ಎದ್ದಿತು. ಅದರ ಸುಕ್ಕಿನ ಚರ್ಮದಿಂದ ನೀರು ಬಸಿದುಹೋಗುತ್ತಿತ್ತು.

ಜೊತೆಯವರೆಲ್ಲ ಎದ್ದು ನಿಂತು ಕೂಗಿದರು. ನಾವಿಬ್ಬರು ಮಾತ್ರ ಒಂದೇ ಏಟಿಗೆ ದೋಣಿಯ ತಳಕ್ಕೆ ಕುಕ್ಕರಿಸಿದೆವು. ನನ್ನ ಎಡಗೈ ಓರಗಿತ್ತಿಯ ಬಾಯಿ ಮುಚ್ಚಿತ್ತು, ಬಲಗೈ ಮೊಮ್ಮಗಳ ಫೋನು ಕಿತ್ತು ಮಡಿಲಲ್ಲಿ ಅಡಗಿಸಿತ್ತು, ಬೆಳಕು ಕಾಣಬಾರದಲ್ಲ. ಓರಗಿತ್ತಿ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಬೆರಳು ಒದ್ದೆ ಮಾಡಿ ನೋಡುತ್ತಿದ್ದಳು. ನಮಗೆ ಯಾರೂ ಹೇಳಲಿಲ್ಲ, ನಾವು ಯೋಚಿಸಲೂ ಇಲ್ಲ. ಆ ಉಸಿರು ನಮಗೆ ಗೊತ್ತು. ಹಲಸಿನ ಕಾಲದಲ್ಲಿ, ಮಲಗುವ ಕೋಣೆಯ ಗೋಡೆಯಾಚೆ, ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಅದನ್ನು ಕೇಳಿದ್ದೇವೆ. ಆಗ ಮಗ್ಗುಲು ಬದಲಿಸದೆ, ಅದರ ಹೆಸರೂ ಎತ್ತದೆ ಮಲಗಿರುವುದು. ಹೆಸರು ಹೇಳಲೇಬೇಕಾದರೆ ನಮ್ಮಲ್ಲಿ ದೊಡ್ಡವನು ಅನ್ನುತ್ತೇವೆ.

ಆನೆ ಇಲ್ಲದ ಜಾಗ ಹುಡುಕಿ, ಕಡಲು ದಾಟಿಸಿ, ಅವಳನ್ನು ನಾನು ಅದರ ಎದುರಿಗೇ ತಂದು ಕೂರಿಸಿದ್ದೆ.

ಓರಗಿತ್ತಿ ತನ್ನ ಬಾಯಿಯ ಮೇಲಿದ್ದ ನನ್ನ ಕೈಯನ್ನು ತೆಗೆದಳು. ಮೆಲ್ಲಗೆ ತೆಗೆದಳು, ಏಡಿಯನ್ನು ಎತ್ತಿಡುವಂತೆ. ದೋಣಿಯ ಅಂಚು ಹಿಡಿದು ಎದ್ದು ನಿಂತಳು. ಬೀಳುತ್ತಾಳೆ ಎಂದು ನಾನು ಅವಳ ಸೀರೆಯ ನೆರಿಗೆ ಹಿಡಿದುಕೊಂಡೆ. ಆ ಬೆನ್ನು ಇನ್ನೊಮ್ಮೆ ಎದ್ದಿತು, ಈ ಸಲ ಇನ್ನೂ ಹತ್ತಿರ. ಅವಳು ಕೂಗಲಿಲ್ಲ. ಎದುರು ಮನೆಯವರನ್ನು ಮಾತಾಡಿಸುವ ಹಾಗೆ ಹೇಳಿದಳು.

"ದೊಡ್ಡವನೇ, ಅವ ಹಾಲು ತಕ್ಕೊಂಡು ಹೋಯ್ತಿದ್ದ. ಅವನ ಕೈಲಿ ಒಂದು ಕೋಲೂ ಇರಲಿಲ್ಲ."

ತಿಮಿಂಗಿಲ ಮತ್ತೊಮ್ಮೆ ಉಸಿರು ಬಿಟ್ಟಿತು. ಹನಿಗಳು ನಮ್ಮ ಮುಖದವರೆಗೂ ಬಂದವು, ಹಳೆಯ ಮೀನಿನ ವಾಸನೆ. ಅದು ತಲೆ ಬಗ್ಗಿಸಿ ಒಳಗೆ ಹೋಯಿತು. ಬಾಲ ಒಂದು ಗಳಿಗೆ ನೀರಿನ ಮೇಲೆ ನಿಂತು, ಅದೂ ಹೋಯಿತು. ಅವಳು ಇನ್ನೂ ನಿಂತಿದ್ದಳು. ಉತ್ತರ ಬರುತ್ತದೆ ಎಂದು ಕಾಯುತ್ತಿದ್ದಳೇನೋ. ಕ್ಯಾಮೆರಾದವರು ಅವಳು ಪ್ರಾರ್ಥನೆ ಮಾಡುತ್ತಿದ್ದಾಳೆ ಎಂದುಕೊಂಡು ತಾವೂ ಕೈ ಮುಗಿದರು. ಮೊಮ್ಮಗಳು ಮುಖ ತಿರುಗಿಸಿಕೊಂಡಳು. ಕನ್ನಡ ಬಾರದ ದೋಣಿಯವನು ಇಂಜಿನ್ ಹಚ್ಚದೆ, ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು, ಅವಳಾಗಿ ಕೂರುವವರೆಗೂ ಕಾದ.

ದಡ ಸೇರಿದ ಮೇಲೆ ಅವಳು ಅತ್ತಳು. ಮರಳಿನಲ್ಲಿ ಕಾಲು ಚಾಚಿ ಕುಳಿತು, ಸಣ್ಣ ಮಕ್ಕಳು ಅಳುವ ಹಾಗೆ ಬಾಯಿ ತೆರೆದು ಅತ್ತಳು. ಕ್ಯಾನು ಚೆಲ್ಲಿದ ಅಂತ ಬೈದುಬಿಟ್ಟೆನಲ್ಲ ಎಂದಳು. ಬಿಸಿಗಂಜಿ ಕುಡಿದು ಹೋಗು ಅಂದರೆ ಬಂದು ಕುಡೀತೀನಿ ಅಂದನಲ್ಲ, ಆ ಗಂಜಿಯನ್ನು ಯಾರು ಚೆಲ್ಲಿದರು, ನೀನಾ ಎಂದು ಕೇಳಿದಳು. ನಾನೇ ಚೆಲ್ಲಿದ್ದೆ, ಬಾಳೆಯ ಬುಡಕ್ಕೆ. ಹೇಳಲಿಲ್ಲ. ದ್ವೀಪದ ಹೆಂಗಸರು ಇಬ್ಬರು ಬಂದು, ಏನು ಎತ್ತ ಎಂದು ಕೇಳದೆ ಅವಳ ಎರಡು ಬದಿಗೆ ಕುಳಿತುಕೊಂಡರು. ಒಬ್ಬಳು ಅವಳ ಬಿಚ್ಚಿಹೋದ ಮುಡಿಯನ್ನು ಕಟ್ಟಿದಳು. ನನ್ನ ಕೈಗೆ ಏನು ಕೆಲಸ ಕೊಡಬೇಕೆಂದು ತಿಳಿಯದೆ ಅವಳ ಚಪ್ಪಲಿಯ ಮರಳು ಕೊಡವಿದೆ. ಕೊಡವಿದ್ದನ್ನೇ ಮತ್ತೆ ಕೊಡವಿದೆ.

ಅಂದು ಹೊತ್ತು ಮುಳುಗುವ ಮೊದಲು ಊಟಕ್ಕೆ ಕುಳಿತೆವು. ಅವಳ ಕಣ್ಣು ಊದಿ ಮುಖದಲ್ಲಿ ಬರೀ ಎರಡು ಗೆರೆ ಉಳಿದಿತ್ತು. ಮೊಮ್ಮಗಳು ಬಡಿಸಿದ ಅನ್ನವನ್ನು ಕಲಸುತ್ತ ಕಲಸುತ್ತ ಬಾಯಿಗಿಡದೆ ಕುಳಿತಿದ್ದಳು. ನನಗೆ ತಡೆಯಲಾಗಲಿಲ್ಲ. ಆ ಮೀನು ಪಾಪ ತಲೆ ಬಗ್ಗಿಸಿಕೊಂಡು ಹೋಯಿತು, ನೀನು ಕನ್ನಡದಲ್ಲಿ ಹೇಳಿದ್ದು ಅದಕ್ಕೆ ಹೇಗೆ ತಿಳಿಯಬೇಕು, ಮಲಯಾಳದಲ್ಲಿ ಹೇಳಿದ್ದರೆ ಉತ್ತರವಾದರೂ ಕೊಡುತ್ತಿತ್ತು ಎಂದೆ. ಮೊಮ್ಮಗಳು ಬೇಡ ಅಜ್ಜಿ ಎಂದು ಕಣ್ಣಲ್ಲೇ ಹೇಳಿದಳು. ಹೊರಗೆ ಸೂರ್ಯ ನೀರಿಗೆ ತಾಗುತ್ತಿದ್ದ. ಊಟದ ಹೊತ್ತು ಮೀರುವ ಮೊದಲು ಕೇಳಿಬಿಡಬೇಕು ಎಂದುಕೊಂಡು ನಾನು ನಗುತ್ತಲೇ ಕೇಳಿದೆ, ಹುಣ್ಣಿಮೆಯ ದಿನ ಆ ವ್ರತ ಹಿಡಿಯುವುದಿಲ್ಲ ತಾನೇ, ನನ್ನ ಮೇಲಾಣೆ ಇಟ್ಟು ಹೇಳು ಎಂದು.

ಅವಳು ತಟ್ಟೆಯಿಂದ ತಲೆ ಎತ್ತಿದಳು. ಅಷ್ಟು ಕಾಲದ ಮೇಲೆ ಮೊದಲ ಸಲ ಆಯ್ತು ಅನ್ನಲಿಲ್ಲ.

"ನಗೋದು ಮತಿ ಮಾಡು ಅಕ್ಕ, ಸಾಕು," ಎಂದಳು. "ನಂಗೆ ಹಾಲು ಬತ್ತಿದಾಗ ನಿನ್ನೆದೆ ಹಾಲು ಕುಡಿದು ಬೆಳೆದವ ಅವ. ನೀ ಇನ್ನೂ ಒಂದು ಹನಿ ಕಣ್ಣೀರು ಹಾಕಿಲ್ಲ. ಮೊದಲು ನೀ ಅಳು, ಆಮೇಲೆ ನನ್ನ ವ್ರತದ ಮಾತು ಕೇಳು."